ಕೂಡಿ ನಡೆದವರ ಪ್ರೀತಿ: ಬೆಟ್ಟ, ಹೊಲ, ಹೊಳೆದಂಡೆ ಕಲಿಸಿದ ಹತ್ತು ಪಾಠ

ಶಹಾಪುರದ ಪ್ರೌಢಶಾಲೆಯೊಂದರಲ್ಲಿ ನಾನು ದೈಹಿಕ ಶಿಕ್ಷಕಿ. ಮಕ್ಕಳನ್ನು ಮೈದಾನದಲ್ಲಿ ಓಡಿಸುವುದು ನನ್ನ ನೌಕರಿ. ರಜೆ ಬಂದರೆ ಮನೆಯವರನ್ನು, ಗೆಳತಿಯರನ್ನು, ಅವರ ಮನೆಯವರನ್ನು ಬೆಟ್ಟಕ್ಕೋ ಹೊಲಕ್ಕೋ ಕೆರೆ ಏರಿಗೋ ಹೊರಡಿಸುವುದು ನನ್ನ ಖುಷಿ. ಮದುವೆಯ ದಿನ, ಹುಟ್ಟುಹಬ್ಬ, ಹಳೆಯ ಗೆಳತಿ ತವರಿಗೆ ಬಂದ ಸಂಭ್ರಮ, ಮುನಿಸು ತಿಳಿಯಾದ ಸಮಾಧಾನ ಇವನ್ನೆಲ್ಲ ನಾವು ನಡೆದು, ಹತ್ತಿ, ಆಡಿ, ಬದುವಿನ ಮೇಲೆ ಕೂತು ಉಂಡು ಆಚರಿಸುತ್ತ ಬಂದಿದ್ದೇವೆ.

ಶಹಾಪುರ ಸೇರಿರುವ ನಮ್ಮ ಯಾದಗಿರಿ 2010ರಲ್ಲಿ ಕಲಬುರಗಿಯಿಂದ ಬೇರೆಯಾಗಿ ಜಿಲ್ಲೆಯಾಯಿತು. ಇವತ್ತಿಗೂ ನಮ್ಮ ಹುಡುಗ ಹುಡುಗಿಯರ ಬಾಯಲ್ಲಿ ಒಂದೇ ಮಾತು: "ಇಲ್ಲಿ ಏನದ ಟೀಚರ್? ಮಾಲ್ ಇಲ್ಲ, ಪಾರ್ಕ್ ಇಲ್ಲ." ಪ್ರೀತಿಸುವವರೊಂದಿಗೆ ಒಂದು ಒಳ್ಳೆಯ ದಿನ ಕಳೆಯಬೇಕೆಂದರೆ ಹೈದರಾಬಾದಿಗೋ ಬೆಂಗಳೂರಿಗೋ ರೈಲು ಹತ್ತಬೇಕು ಅನ್ನುವ ನಂಬಿಕೆ ಅವರದು. ನನ್ನ ಅನುಭವ ಬೇರೆ. ಪ್ರೀತಿಗೆ ಬೇಕಾದ ಮುಖ್ಯ ಸಾಮಗ್ರಿ ಕೂಡಿ ದಣಿಯುವುದು. ಒಬ್ಬರ ಉಸಿರು ಏರಿದಾಗ ಇನ್ನೊಬ್ಬರು ನಿಲ್ಲುವುದು, ಒಬ್ಬರ ಬುತ್ತಿ ಇನ್ನೊಬ್ಬರು ಹೊರುವುದು. ಅದಕ್ಕೆ ಬೇಕಾದ ಕಲ್ಲುಬೆಟ್ಟ, ಕಪ್ಪು ಎರೆಹೊಲ, ಕೃಷ್ಣೆ, ಭೀಮೆ ಎಲ್ಲವೂ ನಮ್ಮಲ್ಲಿವೆ. ನಾನು ಕಲಿತದ್ದನ್ನು ಇಲ್ಲಿ ಒಂದೊಂದಾಗಿ ಬರೆಯುತ್ತೇನೆ.

1. ಮೊದಲು ಹೊತ್ತು ಗೊತ್ತು ಮಾಡಿ, ಆಮೇಲೆ ಜಾಗ

ನಮ್ಮ ನಾಡಿನಲ್ಲಿ ಬಯಲಿಗೆ ಹೊರಡುವವರಿಗೆ ಬಿಸಿಲೇ ಯಜಮಾನ. ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವುದು ಇಲ್ಲಿ ವಿಶೇಷವೇನಲ್ಲ. ಕಲ್ಲುಬೆಟ್ಟ ಹಗಲೆಲ್ಲ ಕಾದು, ಸಂಜೆ ಸೂರ್ಯ ಮುಳುಗಿದ ಮೇಲೂ ಬಿಸಿ ಉಗುಳುತ್ತಿರುತ್ತದೆ. ಹಾಗಾಗಿ ಬೆಟ್ಟ ಹತ್ತುವ ಆಚರಣೆಗಳನ್ನು ನಾವು ದೀಪಾವಳಿಯಿಂದ ಶಿವರಾತ್ರಿಯವರೆಗಿನ ದಿನಗಳಿಗೆ ಇಟ್ಟುಕೊಂಡಿದ್ದೇವೆ. ಬೇಸಿಗೆಯಲ್ಲಿ ಯಾರದಾದರೂ ಮದುವೆಯ ದಿನ ಬಂದರೆ ನಸುಕಿನಲ್ಲಿ ಹೊರಟು, ಬಿಸಿಲು ಏರುವ ಮೊದಲು ಮನೆ ಸೇರುತ್ತೇವೆ. ಇಲ್ಲವಾದರೆ ಹುಣ್ಣಿಮೆ ನೋಡಿಕೊಂಡು ಪರಿಚಿತರ ಹೊಲದಲ್ಲಿ ಬೆಳದಿಂಗಳ ಊಟ.

ಮಳೆಗಾಲದಲ್ಲಿ ಎರೆಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಕಾಲು ಎತ್ತಲು ಬಿಡುವುದಿಲ್ಲ. ಆ ದಿನಗಳಲ್ಲಿ ಹೊಲದ ದಾರಿ ಬಿಟ್ಟು ಡಾಂಬರು ರಸ್ತೆಯ ನಡಿಗೆಯೇ ಲೇಸು. ಫೆಬ್ರುವರಿ 14ರಂದೇ ಆಗಬೇಕೆಂದು ಹಟ ಹಿಡಿಯುವ ಹುಡುಗರಿಗೆ ನಾನು ಹೇಳುವುದಿಷ್ಟೆ: ಆ ದಿನವನ್ನೂ ಇಟ್ಟುಕೊಳ್ಳಿ, ಅದರ ಜೊತೆಗೆ ನಿಮ್ಮ ಮನೆಯ ಗೋಡೆಯ ಪಂಚಾಂಗವನ್ನೂ ನೋಡಿ. ಎಳ್ಳ ಅಮಾವಾಸ್ಯೆ, ಸಂಕ್ರಾಂತಿ, ನಾಗರಪಂಚಮಿ, ಬನ್ನಿ ಹಬ್ಬ ಎಲ್ಲವೂ ಮನೆಯ ಹೊಸ್ತಿಲು ದಾಟಿಸುವ ಹಬ್ಬಗಳೇ. ನಮ್ಮ ಹಿರಿಯರು ಹವೆ ನೋಡಿಯೇ ಅವನ್ನು ಬಯಲಿಗೆ ತಂದಿದ್ದಾರೆ.

2. ನಿಧಾನ ನಡೆಯುವವರು ಮುಂದಿರಲಿ

ಹೊಸ ಜೋಡಿಗಳಿಗೆ, ಹೊಸದಾಗಿ ಸೇರಿದ ಗೆಳತಿಯರಿಗೆ ನಾನು ಮೊದಲು ಹೇಳುವ ಏರು ಯಾದಗಿರಿಯ ಕೋಟೆ. ಊರ ನಡುವೆಯೇ ಇರುವ ಬೆಟ್ಟ. ಬಾಗಿಲ ಮೇಲೆ ಬಾಗಿಲು ದಾಟುತ್ತ, ಮೆಟ್ಟಿಲು ಬಂಡೆ ಹತ್ತುತ್ತ ಮೇಲೆ ಹೋದರೆ ಒಂದು ಕಡೆ ಭೀಮಾ ನದಿ, ಇನ್ನೊಂದು ಕಡೆ ಮುಂಬೈ–ಚೆನ್ನೈ ರೈಲು ಮಾರ್ಗ, ಕೆಳಗೆ ಇಡೀ ಊರು. ದಣಿವು ಹತ್ತುತ್ತದೆ, ಆದರೆ ಹೆದರಿಸುವಷ್ಟಲ್ಲ.

ಇಂಥ ಏರಿನಲ್ಲಿ ಸಂಸಾರದ ಒಂದು ಗುಟ್ಟು ಬಯಲಾಗುತ್ತದೆ. ಬಹಳ ಜೋಡಿಗಳಲ್ಲಿ ಗಂಡ ದಾಪುಗಾಲು ಹಾಕಿ ಮುಂದೆ ಹೋಗಿ, ಮೇಲೆ ನಿಂತು "ಬಾ, ಲಗೂ ಬಾ" ಎಂದು ಕೂಗುತ್ತಾನೆ. ಹೆಂಡತಿ ಸೀರೆಯ ನೆರಿಗೆ ಹಿಡಿದು ಒಬ್ಬಳೇ ಏರುತ್ತಾಳೆ. ನಮ್ಮ ಗುಂಪಿನಲ್ಲಿ ಹಾಗೆ ನಡೆಯುವುದಿಲ್ಲ. ಎಲ್ಲರಿಗಿಂತ ನಿಧಾನ ನಡೆಯುವವರು ಮುಂದೆ, ಎಲ್ಲರಿಗಿಂತ ಗಟ್ಟಿ ಇರುವವರು ಕೊನೆಗೆ. ಮುಂದಿದ್ದವರು ನಿಂತರೆ ಎಲ್ಲರೂ ನಿಲ್ಲಬೇಕು. ಮೊದಮೊದಲು ಗಂಡಸರಿಗೆ ಇದು ಕಸಿವಿಸಿ. ಎರಡನೆಯ ಬಾಗಿಲು ದಾಟುವಷ್ಟರಲ್ಲಿ ಅವರಿಗೂ ಹಿಡಿಸುತ್ತದೆ, ಏಕೆಂದರೆ ಆಗ ತಾನೇ ಅವರು ಹೆಂಡತಿಯ ಹಿಂದೆ ನಿಂತು ಅವಳ ಹೆಜ್ಜೆ ನೋಡುವುದನ್ನು ಕಲಿತಿರುತ್ತಾರೆ. ಮೊಣಕಾಲು ನೋವು ಯಾವ ಕಾಲಿನದು, ಇಳಿಯುವಾಗ ಯಾವ ಕೈ ಹಿಡಿಯಬೇಕು ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಆ ತಿಳಿವಳಿಕೆ ಮನೆಗೂ ಬರುತ್ತದೆ.

3. ಆಡಲಾಗದ ಮಾತಿಗೆ ನಡಿಗೆ ದಾರಿ ಕೊಡುತ್ತದೆ

ಶಹಾಪುರದ ಬೆಟ್ಟಸಾಲಿನಲ್ಲಿ ಬುದ್ಧ ಮಲಗಿದ್ದಾನೆ. ಹಣೆ, ಮೂಗು, ತುಟಿ, ಗದ್ದ, ಎದೆ ಎಲ್ಲವೂ ತಾನಾಗಿಯೇ ಮೂಡಿದ ಬಂಡೆಗಳು, ಯಾರೂ ಕೆತ್ತಿದ್ದಲ್ಲ. ಭೀಮರಾಯನಗುಡಿ ಕಡೆಯ ರಸ್ತೆಯಿಂದ ನೋಡಿದರೆ ಚೆನ್ನಾಗಿ ಕಾಣುತ್ತಾನೆ. ನಮ್ಮ ಮನೆಯವರೂ ನಾನೂ ಆ ರಸ್ತೆಯಲ್ಲಿ ನಸುಕಿನಲ್ಲಿ ನಡೆಯುವುದು ವರ್ಷಗಳಿಂದ ಬಂದ ರೂಢಿ.

ಅವರು ಮಾತು ಕಡಿಮೆಯ ಮನುಷ್ಯ. ಮನೆಯಲ್ಲಿ ಎದುರು ಕೂತು ಏನಾದರೂ ಕೇಳಿದರೆ "ಏನಿಲ್ಲ ಬಿಡು" ಅನ್ನುವುದೇ ಉತ್ತರ. ಅದೇ ಮನುಷ್ಯ ಪಕ್ಕದಲ್ಲಿ ನಡೆಯುತ್ತ, ಕಣ್ಣು ಬೆಟ್ಟದ ಮೇಲಿಟ್ಟು, ತಾವಾಗಿಯೇ ಬಾಯಿ ಬಿಡುತ್ತಾರೆ. ಸಾಲದ ಚಿಂತೆ, ತಮ್ಮನ ಮೇಲಿನ ಬೇಸರ, ತಂದೆಯ ಆರೋಗ್ಯ ಎಲ್ಲವೂ ನನಗೆ ತಿಳಿದದ್ದು ಆ ರಸ್ತೆಯ ಮೇಲೆಯೇ. ಶಾಲೆಯಲ್ಲೂ ಇದನ್ನೇ ಕಂಡಿದ್ದೇನೆ. ಸಿಬ್ಬಂದಿ ಕೋಣೆಗೆ ಕರೆದು ಕೇಳಿದರೆ ತಲೆ ತಗ್ಗಿಸುವ ಹುಡುಗಿ, ಮೈದಾನದ ಸುತ್ತ ಜೊತೆಗೆ ನಡೆದರೆ ಮನಸ್ಸು ಬಿಚ್ಚುತ್ತಾಳೆ. ಎದುರಾ ಎದುರು ಕೂತಾಗ ಮುಖ ನೋಡಿ ಹೇಳಬೇಕಾದ ಭಾರ ಇರುತ್ತದೆ. ಜೊತೆಯಲ್ಲಿ ನಡೆಯುವಾಗ ಆ ಭಾರ ಇಳಿಯುತ್ತದೆ.

ನಾವು ಪಾಲಿಸುವ ನಿಯಮ ಒಂದೇ. ಫೋನು ಚೀಲದೊಳಗೆ, ಹೋಗುವಾಗ ಒಬ್ಬರ ಮಾತು, ಬರುವಾಗ ಇನ್ನೊಬ್ಬರದು. ನಡುವೆ ಬುದ್ಧಿ ಹೇಳುವಂತಿಲ್ಲ.

4. ಹೆಸರು ಕೆತ್ತಬೇಡಿ, ಹೆಸರಿಲ್ಲದವರ ಕೆಲಸ ನೋಡಿ

ಕೋಟೆ ಗೋಡೆಗಳ ಮೇಲೆ, ಮಂಟಪದ ಕಂಬಗಳ ಮೇಲೆ ಎರಡು ಹೆಸರು, ನಡುವೆ ಬಾಣ ಚುಚ್ಚಿದ ಹೃದಯ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಪ್ರೀತಿ ಉಳಿಯಲಿ ಅನ್ನುವ ಆಸೆ ನನಗೂ ಅರ್ಥವಾಗುತ್ತದೆ. ಆದರೆ ಆ ಕಲ್ಲು ನಮ್ಮದೊಬ್ಬರದಲ್ಲ. ಕಾನೂನೂ ಬಿಡುವುದಿಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ, ರಾಷ್ಟ್ರೀಯ ಸಂರಕ್ಷಿತ ಸ್ಮಾರಕವನ್ನು ಕೆಡಿಸಿದವರಿಗೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಹೆಸರು ಕೆತ್ತುವ ಆಸೆ ಇರುವವರನ್ನು ನಾನು ಶಹಾಪುರಕ್ಕೆ ಹತ್ತಿರದ ವಿಭೂತಿಹಳ್ಳಿಗೆ ಕರೆದೊಯ್ಯುತ್ತೇನೆ. ಅಲ್ಲಿ ಬಯಲಿನಲ್ಲಿ ದೊಡ್ಡ ದೊಡ್ಡ ಗುಂಡುಗಳು ಸಾಲುಸಾಲಾಗಿ, ಅಳತೆಯಿಟ್ಟಂತೆ ಸಮನಾದ ಅಂತರದಲ್ಲಿ ಕೂತಿವೆ. ಬೃಹತ್ ಶಿಲಾಯುಗದ ಜನ ಉರುಳಿಸಿ ತಂದು ಇಟ್ಟವು. ಸುರಪುರದಲ್ಲಿ ಆಡಳಿತ ನಡೆಸಿದ ಮೆಡೋಸ್ ಟೇಲರ್ 1850ರ ದಶಕದಲ್ಲೇ ಇಂಥ ಶಿಲಾ ನೆಲೆಗಳ ಬಗ್ಗೆ ಬರೆದ. ಸಾಲುಗಳಿಗೂ ಸೂರ್ಯ ಹುಟ್ಟಿ ಮುಳುಗುವ ದಿಕ್ಕಿಗೂ ಸಂಬಂಧವಿದೆಯೆಂದು ಈಚಿನ ಸಂಶೋಧಕರು ಹೇಳಿದ್ದಾರೆ. ನಾವು ಅಲ್ಲಿ ಆಡುವ ಆಟ ಸರಳ: ಒಬ್ಬರು ಒಂದು ತುದಿಯ ಕಲ್ಲಿನ ಹತ್ತಿರ, ಇನ್ನೊಬ್ಬರು ಇನ್ನೊಂದು ತುದಿಯಲ್ಲಿ ನಿಂತು, ಸಾಲು ತಪ್ಪದೆ ನಡೆದು ನಡುವೆ ಸೇರಬೇಕು. ಮುಳ್ಳುಕಂಟಿ, ಏರುಪೇರಿನ ನಡುವೆ ಅದು ಅಂದುಕೊಂಡಷ್ಟು ಸುಲಭವಲ್ಲ.

ಮನಸ್ಸಿದ್ದರೆ ಸುರಪುರ ಕಡೆಯ ರಾಜನಕೋಳೂರಿನ ಕಲ್ಲುಮನೆಗಳನ್ನೂ ನೋಡಬಹುದು. ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಸಂಗಡಿಗರು ಸುಮಾರು 12 ಲಕ್ಷ ವರ್ಷ ಹಿಂದಿನ ಕಲ್ಲಿನ ಆಯುಧಗಳ ನೆಲೆಯನ್ನು ಅಗೆದು ತೋರಿಸಿದ್ದಾರೆ. ಆ ಮಣ್ಣಿನ ಮೇಲೆ ಇಬ್ಬರೂ ಕೂಡಿ ನಿಂತು ಬಂದ ಮೇಲೆ ಗೋಡೆಗೆ ಹೆಸರು ಬರೆಯುವ ಆಸೆ ತಾನಾಗಿಯೇ ಇಳಿಯುತ್ತದೆ.

5. ಸುಮ್ಮನಿರುವುದನ್ನೂ ಕೂಡಿ ಮಾಡಿ

ಸುರಪುರದ ಹತ್ತಿರದ ಬೋನಾಳ ಕೆರೆ ಪಕ್ಷಿಧಾಮ. 17ನೇ ಶತಮಾನದಲ್ಲಿ ಸುರಪುರದ ದೊರೆ ಪಾಮನಾಯಕ ಕಟ್ಟಿಸಿದ ಕೆರೆಯನ್ನು 19ನೇ ಶತಮಾನದಲ್ಲಿ ಟೇಲರ್ ಗಟ್ಟಿಗೊಳಿಸಿದ. ಚಳಿಗಾಲದಲ್ಲಿ ಅಲ್ಲಿ ಬಿಳಿ ಕೆಂಬರಲು, ಕರಿ ಕೆಂಬರಲು, ಕೊಕ್ಕರೆಗಳ ಜೊತೆ ಪಟ್ಟೆತಲೆ ಹೆಬ್ಬಾತುಗಳೂ ಇಳಿಯುತ್ತವೆ. ಹಿಮಾಲಯದ ಆಚೆಯಿಂದ ಆ ಎತ್ತರವನ್ನು ಹಾರಿ ದಾಟಿ ಬರುವ ಹಕ್ಕಿಗಳು ಅವು.

ಗೆಳತಿಯರ ಗುಂಪು ಕೆರೆ ಏರಿಯ ಮೇಲೆ ಮಾತಾಡದೆ ನಡೆಯುವುದೆಂದರೆ ಮೊದಲಿಗೆ ನಗು ತಡೆಯಲಾಗುವುದಿಲ್ಲ. ಆಮೇಲೆ ಒಬ್ಬಳು ಬೆರಳು ತೋರಿಸುತ್ತಾಳೆ, ಇನ್ನೊಬ್ಬಳು ದುರ್ಬೀನು ದಾಟಿಸುತ್ತಾಳೆ, ಮತ್ತೊಬ್ಬಳು ಪುಸ್ತಕ ತೆರೆದು ಚಿತ್ರ ತೋರಿಸುತ್ತಾಳೆ. ಗಂಡನನ್ನು ಕಳೆದುಕೊಂಡ ನನ್ನೊಬ್ಬ ಗೆಳತಿ ಬಹಳ ದಿನ ಯಾರ ಮನೆಗೂ ಬರುತ್ತಿರಲಿಲ್ಲ. ಬಂದರೆ ಎಲ್ಲರೂ ಸಮಾಧಾನ ಹೇಳುತ್ತಾರೆ ಅನ್ನುವುದೇ ಅವಳ ಹಿಂಜರಿಕೆ. ಬೋನಾಳಕ್ಕೆ ಮಾತ್ರ ಒಪ್ಪಿದಳು. ಅಲ್ಲಿ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಏರಿಯ ಈ ತುದಿಯಿಂದ ಆ ತುದಿಯವರೆಗೆ ನಮ್ಮ ಜೊತೆ ನಡೆದಳು. ಈಗ ಹಕ್ಕಿಗಳ ಹೆಸರು ನಮ್ಮೆಲ್ಲರಿಗಿಂತ ಹೆಚ್ಚು ಗೊತ್ತಿರುವುದು ಅವಳಿಗೇ.

ಅಲ್ಲಿಗೆ ಹೋಗುವವರು ಕೆಂಪು, ಕಿತ್ತಳೆಯಂಥ ಢಾಳು ಬಣ್ಣದ ಬಟ್ಟೆ ಬಿಡಿ. ಪಾಪಡಿ ಪ್ಯಾಕೆಟ್ಟಿನ ಕಾಗದ ಒಂದೂ ಅಲ್ಲಿ ಬೀಳಬಾರದು. ಹಕ್ಕಿ ಹಾರಿಸಿ ಫೋಟೊ ತೆಗೆಯುವುದು ಬೇಡವೇ ಬೇಡ.

6. ಹೊಲದ ಊಟದಲ್ಲಿ ಗಂಡಸರ ಕೈಯೂ ಕೆಲಸ ಮಾಡಲಿ

ನಮ್ಮ ಭಾಗದ ಅತಿ ದೊಡ್ಡ ಪ್ರೀತಿಯ ಹಬ್ಬ ಯಾವುದೆಂದು ಕೇಳಿದರೆ ಎಳ್ಳ ಅಮಾವಾಸ್ಯೆ ಎಂದೇ ಹೇಳುತ್ತೇನೆ. ಡಿಸೆಂಬರ್, ಜನವರಿಯ ಚಳಿಯಲ್ಲಿ, ಜೋಳ ಎದೆಮಟ್ಟ ನಿಂತು ಕಡಲೆ ಹೂ ಬಿಟ್ಟಿರುವಾಗ, ಊರಿಗೆ ಊರೇ ಬಂಡಿ, ಟ್ರ್ಯಾಕ್ಟರು, ಬೈಕು ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಸಜ್ಜೆ ರೊಟ್ಟಿ, ಎಳ್ಳು ಹಚ್ಚಿದ ಜೋಳದ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಭಜ್ಜಿ ಪಲ್ಯ, ಎಣ್ಣೆಗಾಯಿ, ಅಗಸಿ ಹಿಂಡಿ, ಅಂಬಲಿ. ಹೊಲದಲ್ಲಿ ಪಾಂಡವರ ಹೆಸರಿನ ಕಲ್ಲಿಟ್ಟು ಪೂಜೆ ಮಾಡಿ, ಬೆಳೆಗೆ ಚರಗ ಚೆಲ್ಲಿ, ನಂತರ ಊಟ. ಹೊಲ ಇಲ್ಲದವರನ್ನು ಹೊಲ ಇದ್ದವರು ಕರೆಯುವುದು ರೂಢಿ. ನೌಕರಿಗೆ ಬಂದ ಹೊರಗಿನವರೂ ಅಂದು ಯಾರದೋ ಹೊಲದಲ್ಲಿ ನೆಂಟರಾಗುತ್ತಾರೆ.

ಇಷ್ಟು ಚಂದದ ದಿನದಲ್ಲಿ ಒಂದು ಕೊರತೆ ಇತ್ತು. ಹೆಂಗಸರು ಹಿಂದಿನ ರಾತ್ರಿಯಿಂದ ರೊಟ್ಟಿ ಬಡಿದು, ಹೊಲಕ್ಕೆ ಬಂದ ಮೇಲೂ ಬಡಿಸಿ, ಕೊನೆಗೆ ಪಾತ್ರೆ ಕಟ್ಟುತ್ತಿದ್ದರು. ನಮ್ಮ ಬಳಗದಲ್ಲಿ ಈಗ ಕೆಲಸ ಹಂಚಿದ್ದೇವೆ. ಹೊರುವುದು, ಬಡಿಸುವುದು, ಪಾತ್ರೆ ತೊಳೆಯುವುದು ಗಂಡಸರದು. ಬಡಿಸುವ ಹೊತ್ತಿಗೆ ಹೆಂಗಸರು ಹೊಲ ಸುತ್ತಿ ಬರುತ್ತಾರೆ. ನಮ್ಮ ಅತ್ತೆಯವರು ಮೊದಲ ಸಲ ಇದನ್ನು ನೋಡಿ "ಏ, ಇದೇನ್ ಹೊಸಾದು" ಎಂದರು. ಮರುವರ್ಷ ಅವರೇ ಮೊದಲು ಎದ್ದು ಬದುವಿನ ಗುಂಟ ನಡೆಯಲು ಹೊರಟರು.

ಅಮಾವಾಸ್ಯೆ ಮುಗಿದ ಮೇಲೆ ಸೀತನಿ ದಿನಗಳು. ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಕೈಯಲ್ಲಿ ತಿಕ್ಕಿ, ಬೆಲ್ಲ, ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುವುದು. ತೆನೆ ಮುರಿಯುವವರೊಬ್ಬರು, ಸುಡುವವರೊಬ್ಬರು, ತಿಕ್ಕುವವರೊಬ್ಬರು. ಗೆಳೆತನಕ್ಕೆ ಇದಕ್ಕಿಂತ ಒಳ್ಳೆಯ ಕೂಟ ನನಗೆ ಗೊತ್ತಿಲ್ಲ. ಹೊಲದವರಿಗೆ ಮೊದಲೇ ಹೇಳಿ, ಅವರು ತೋರಿಸಿದ ಕಡೆಯೇ ಮುರಿಯಿರಿ. ಕೂಲಿಗೆ ಬಂದವರನ್ನೂ ಕರೆದು ಜೊತೆಗೆ ಕೂಡಿಸಿಕೊಳ್ಳಿ.

7. ದೊಡ್ಡವರೂ ಆಟ ಆಡಬೇಕು

ಪಂಚಮಿಗೆ ಬೇವಿನ ಮರಕ್ಕೆ ಜೋಕಾಲಿ ಕಟ್ಟುವುದು, ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬಂದು ಹಳೆಯ ಗೆಳತಿಯರ ಜೊತೆ ಜೀಕುವುದು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಊರುಗಳಲ್ಲಿ ಕಡಿಮೆಯಾಗುತ್ತಿದೆ. ನಾವು ಬಿಟ್ಟಿಲ್ಲ. ಗಟ್ಟಿ ಟೊಂಗೆ ನೋಡಿ, ಹೊಸ ಹಗ್ಗ ತಂದು, ಮೊದಲು ತೂಕ ಹಾಕಿ ಪರೀಕ್ಷಿಸಿ ಕಟ್ಟುತ್ತೇವೆ. ಇಬ್ಬರು ಎದುರುಬದುರು ನಿಂತು ಜೀಕುವಾಗ ಒಬ್ಬರ ಕಾಲಿನ ಒತ್ತು ಇನ್ನೊಬ್ಬರನ್ನು ಮೇಲೆ ಎತ್ತುತ್ತದೆ. ನಲವತ್ತು ದಾಟಿದ ಹೆಂಗಸರು ಆ ಹೊತ್ತಿನಲ್ಲಿ ನಗುವ ನಗು ಮನೆಯಲ್ಲಿ ಕೇಳಿಸುವುದಿಲ್ಲ.

ಸುರಪುರದಲ್ಲಿ ವೇಣುಗೋಪಾಲಸ್ವಾಮಿ ಜಾತ್ರೆಗೆ ನಡೆಯುವ ಕಂಬ ಏರುವ ಸ್ಪರ್ಧೆಯನ್ನು ನೋಡಲು ಗೆಳೆಯರನ್ನು ಕರೆದೊಯ್ಯಿರಿ. ಕೃಷ್ಣ ಜನ್ಮಾಷ್ಟಮಿಯ ಆಸುಪಾಸಿನ ಈ ಹಬ್ಬದಲ್ಲಿ ಜಾರುವ ಕಂಬದ ಮೇಲೆ ಯುವಕರು ಹತ್ತುತ್ತಾರೆ, ನೀರು ಅವರ ಮೇಲೆ ಸುರಿಯುತ್ತಿರುತ್ತದೆ. ಹೆಗಲು ಕೊಟ್ಟವನು ಕೆಳಗೇ ಉಳಿಯುತ್ತಾನೆ, ಗೆಳೆಯ ಮೇಲೆ ಮುಟ್ಟುತ್ತಾನೆ. ನನ್ನ ವಿದ್ಯಾರ್ಥಿಗಳಿಗೆ ಗೆಳೆತನದ ಮಾತು ಹೇಳಬೇಕಾದಾಗ ನಾನು ಆ ಕೆಳಗಿನವನನ್ನು ತೋರಿಸುತ್ತೇನೆ.

ಕಬಡ್ಡಿ, ಲಗೋರಿ, ಹಗ್ಗ ಜಗ್ಗಾಟ ಯಾವುದಾದರೂ ಸರಿ. ಗಂಡ ಹೆಂಡತಿಯರನ್ನು ಒಂದೇ ತಂಡದಲ್ಲಿ ಹಾಕಿ. ಎದುರು ತಂಡದಲ್ಲಿ ಹಾಕಿದರೆ ಮನೆಯ ಲೆಕ್ಕವೂ ಮೈದಾನಕ್ಕೆ ಬರುವುದನ್ನು ಕಂಡಿದ್ದೇನೆ.

8. ನೀರಿನ ಮುಂದೆ ಧೈರ್ಯ ತೋರಿಸಬೇಡಿ

ಸಂಕ್ರಾಂತಿಗೆ ಎಳ್ಳು ಹಚ್ಚಿಕೊಂಡು ಹೊಳೆಗೆ ಹೋಗಿ ಮಿಂದು, ದಂಡೆಯ ಮೇಲೆ ಬುತ್ತಿ ಬಿಚ್ಚುವುದು ನಮಗೆಲ್ಲ ಪ್ರಿಯವಾದದ್ದು. ಆದರೆ ಕೃಷ್ಣೆಯಲ್ಲಿ ಮೊಸಳೆಗಳಿವೆ. ಎಲ್ಲರೂ ಇಳಿಯುವ ಘಾಟು, ಸ್ಥಳೀಯರು ತೋರಿಸಿದ ಜಾಗ ಬಿಟ್ಟು ಒಂದು ಹೆಜ್ಜೆಯೂ ಬೇಡ. ಮಳೆಗಾಲದಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯದ ಗೇಟು ತೆರೆದಾಗ ನೋಡಲು ಹೋಗುವುದು ಈಗ ಜೋಡಿಗಳಿಗೂ ಗೆಳೆಯರ ಗುಂಪುಗಳಿಗೂ ಹಬ್ಬವೇ ಆಗಿದೆ. ಹೋಗಿ, ದೂರದಿಂದ ಕಣ್ತುಂಬ ನೋಡಿ. ಕೆಳಗೆ ಅದೇ ನೀರು ಹೊಳೆ ನಡುವಿನ ನೀಲಕಂಠರಾಯನಗಡ್ಡಿಯ ಜನರನ್ನು ಹೊರಜಗತ್ತಿನಿಂದ ಕಡಿದು ಹಾಕಿದ್ದುಂಟು, ಕೊಳ್ಳೂರು ಸೇತುವೆಯನ್ನು ಮುಳುಗಿಸಿದ್ದುಂಟು ಅನ್ನುವುದು ನೆನಪಿರಲಿ.

ಗುರುಮಠಕಲ್ ಕಡೆಯ ನಜರಾಪುರ, ದಬ್‌ದಬಿ ಜಲಪಾತಗಳು ಮಳೆ ಬಂದ ಕೆಲವು ವಾರ ಮಾತ್ರ ತುಂಬಿ ಧುಮುಕುತ್ತವೆ. ಪಾಚಿ ಹಿಡಿದ ಬಂಡೆಯ ಮೇಲೆ ನಿಂತು ಸೆಲ್ಫಿ ತೆಗೆಸಿಕೊಳ್ಳುವವನು ಜೊತೆಗಿದ್ದವಳ ಎದೆಬಡಿತವನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ನಮ್ಮ ಗುಂಪಿನಲ್ಲಿ ಒಬ್ಬರು ಬೇಡವೆಂದರೆ ಸಾಕು, ಎಲ್ಲರೂ ಹಿಂದೆ ಸರಿಯುತ್ತೇವೆ. ಅದಕ್ಕೆ ಕಾರಣ ಕೇಳುವುದಿಲ್ಲ.

ಬೆಟ್ಟಕ್ಕೂ ಕೆಲವು ಎಚ್ಚರಿಕೆ ಬೇಕು. ಬೂಟು ಇರಲಿ, ಬಂಡೆ ಸಂದಿಗೆ ಕೈ ಹಾಕಬೇಡಿ, ಚೇಳು ಹಾವು ಇರುತ್ತವೆ. ಹೆಜ್ಜೇನು ಕಟ್ಟಿದ ಕಡೆ ಹೊಗೆ, ಗದ್ದಲ, ಸೆಂಟು ಬೇಡ. ತಲೆಗೆ ಟವೆಲ್ಲು, ಚೀಲದಲ್ಲಿ ನೀರು, ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್ ಪೊಟ್ಟಣ, ಒಂದು ಪಟ್ಟಿ ಬಟ್ಟೆ ಕಡ್ಡಾಯ.

9. ಊರ ಕಣ್ಣಿಗೆ ಅಂಜಬೇಡಿ, ಜೊತೆಗಿದ್ದವರ ಮನಸ್ಸಿಗೆ ಅಂಜಿ

ಸಣ್ಣ ಊರುಗಳಲ್ಲಿ ಗಂಡ ಹೆಂಡತಿ ಜೊತೆಗೆ ನಡೆದರೂ ನಾಲ್ಕು ಜನ ತಿರುಗಿ ನೋಡುತ್ತಾರೆ. ಹೆಂಗಸರೇ ಗುಂಪು ಕಟ್ಟಿ ಬೆಟ್ಟ ಹತ್ತಿದರೆ ಇನ್ನಷ್ಟು. ಮದುವೆಯಾಗದ ಹುಡುಗ ಹುಡುಗಿಯರ ಪಾಡಂತೂ ಹೇಳುವುದೇ ಬೇಡ. ನಮಗೂ ಮೊದಮೊದಲು "ಏನ್ ಹುಚ್ಚ ಹಿಡದದ ಇವರಿಗೆ" ಅನ್ನುವ ಮಾತು ಕೇಳಿಸಿದ್ದುಂಟು. ನಿಲ್ಲಿಸಲಿಲ್ಲ. ಕೆಲವೇ ತಿಂಗಳಲ್ಲಿ, ಹಾಗೆ ಅಂದವರ ಮನೆಯ ಸೊಸೆಯಂದಿರೇ "ಅಕ್ಕಾ, ನಾವೂ ಬರ್ತೀವಿ" ಎಂದರು.

ಬಯಲು ಗಂಡಸರದಷ್ಟೇ ಅಲ್ಲ. ಹೆಣ್ಣುಮಕ್ಕಳು ಅಲ್ಲಿ ಕಾಣಿಸಿಕೊಳ್ಳುವುದೇ ಅದನ್ನು ಸುರಕ್ಷಿತವಾಗಿಸುವ ಮೊದಲ ದಾರಿ. ಅದಕ್ಕೆ ಬೇಕಾದ ಜಾಗ್ರತೆಯೂ ಇರಲಿ: ನಾಲ್ಕೈದು ಜನ ಕೂಡಿ ಹೋಗುವುದು, ಎಲ್ಲಿಗೆ ಹೋಗುತ್ತೇವೆಂದು ಮನೆಯಲ್ಲಿ ಹೇಳುವುದು, ಆ ಊರಿನ ಪರಿಚಿತರೊಬ್ಬರನ್ನು ಜೊತೆಗೆ ಕರೆಯುವುದು, ಕತ್ತಲಾಗುವ ಮೊದಲು ಇಳಿಯುವುದು. ಶೌಚಾಲಯ ಎಲ್ಲಿದೆ ಅನ್ನುವುದನ್ನು ಮೊದಲೇ ವಿಚಾರಿಸಿ. ಇದೊಂದು ತಿಳಿಯದ್ದಕ್ಕೇ ಎಷ್ಟೋ ಹೆಂಗಸರು ನೀರು ಕುಡಿಯದೆ ಬಿಸಿಲಿನಲ್ಲಿ ನಡೆದು ಬಳಲುತ್ತಾರೆ.

ಹುಡುಗರಿಗೆ ನಾನು ತರಗತಿಯಲ್ಲೂ ಹೇಳುವ ಮಾತು ಒಂದಿದೆ. ನಿಮ್ಮ ಜೊತೆ ನಡೆಯಲು ಒಪ್ಪಿದವಳು ಬೇರೆ ಯಾವುದಕ್ಕೂ ಒಪ್ಪಿದ್ದಾಳೆ ಎಂದಲ್ಲ. ಅವಳು ಸಾಕು, ಮನೆಗೆ ಹೋಗೋಣ ಎಂದರೆ ಅಲ್ಲಿಗೇ ತಿರುಗಬೇಕು. ಫೋಟೊ ತೆಗೆಯುವ ಮೊದಲು ಕೇಳಬೇಕು, ಯಾರಿಗೂ ಕಳಿಸಬಾರದು. ಇಷ್ಟು ಬಾರದವನ ಪ್ರೀತಿಯನ್ನು ನಾನು ಪ್ರೀತಿಯೆಂದು ಕರೆಯುವುದಿಲ್ಲ.

10. ದಾರಿಯಲ್ಲಿ ಬಳಗ ದೊಡ್ಡದಾಗಲಿ

ಇಬ್ಬರ ಪ್ರೀತಿ ಇಬ್ಬರಲ್ಲೇ ಉಳಿದರೆ ಬೇಗ ಬಡವಾಗುತ್ತದೆ. ನಮ್ಮ ಭಾಗದ ಜಾತ್ರೆಗಳಿಗೆ ನಡೆದು ಹೋಗುವುದನ್ನು ನಾನು ಇದಕ್ಕಾಗಿಯೇ ಹೇಳುತ್ತೇನೆ. ಸಂಕ್ರಾಂತಿಗೆ ಯಾದಗಿರಿ ಬಳಿಯ ಮೈಲಾಪುರದ ಮಲ್ಲಯ್ಯನ ಜಾತ್ರೆ. ನೆರೆಯ ತೆಲಂಗಾಣ, ಆಂಧ್ರದಿಂದಲೂ ಜನ ಬರುತ್ತಾರೆ, ಭಂಡಾರದಿಂದ ಬೆಟ್ಟವೇ ಹಳದಿಯಾಗುತ್ತದೆ. ಹಿಂದೆ ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವ ಪದ್ಧತಿ ಇತ್ತು, ಜಿಲ್ಲಾಡಳಿತ ಅದನ್ನು ನಿಷೇಧಿಸಿದೆ. ಭಕ್ತಿಯೂ ಕರುಣೆಯೂ ಕೂಡಿ ಹೋಗಬಹುದು ಅನ್ನುವುದಕ್ಕೆ ಅದು ಸಾಕ್ಷಿ. ಸುರಪುರ ತಾಲೂಕಿನ ತಿಂಥಣಿಯಲ್ಲಿ ಕೃಷ್ಣೆಯ ದಂಡೆಯ ಮೌನೇಶ್ವರನಿಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ನನ್ನ ಮುಸ್ಲಿಂ ಗೆಳತಿಯೂ ನಾನೂ ಆ ದಾರಿಯನ್ನು ಕೂಡಿ ನಡೆದಿದ್ದೇವೆ. ಅವಳ ಹರಕೆ ಅವಳದು, ನನ್ನದು ನನ್ನದು, ಬುತ್ತಿ ಮಾತ್ರ ಒಂದೇ.

ಹೀಗೆ ಹೊರಟವರ ನಡುವೆ ಮುನಿಸು ಬರುವುದಿಲ್ಲವೆಂದಲ್ಲ. ಬಂದರೆ ಬನ್ನಿ ಹಬ್ಬ ಇದೆ. ವಿಜಯದಶಮಿಯ ಸಂಜೆ ಬನ್ನಿ ಎಲೆ ಹಿಡಿದು ಮನೆಮನೆಗೆ ನಡೆದು, ಬಂಗಾರದಂಗ ಇರೋಣು ಎಂದು ಕೈಗಿಟ್ಟು, ಹಿರಿಯರ ಕಾಲು ಮುಟ್ಟುವುದು ನಮ್ಮ ನಾಡಿನ ದೊಡ್ಡ ಸಂಸ್ಕಾರ. ವರ್ಷವಿಡೀ ಮಾತು ಬಿಟ್ಟವರ ಬಾಗಿಲಿಗೂ ಅಂದು ಕಾಲು ಹೋಗುತ್ತದೆ. ಈಗ ಹಲವರು ಮೊಬೈಲಿನಲ್ಲಿ ಬನ್ನಿ ಎಲೆಯ ಚಿತ್ರ ಕಳಿಸಿ ಮುಗಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಡೆದೇ ಹೋಗಿ. ಬಾಗಿಲವರೆಗೆ ನಡೆದು ಬಂದವರನ್ನು ಒಳಗೆ ಕರೆಯದ ಮನೆ ನಮ್ಮ ಸೀಮೆಯಲ್ಲಿ ನಾನು ಕಂಡಿಲ್ಲ.

ಈ ಪಾಠಗಳಿಗೆ ದುಡ್ಡು ಬೇಕಿಲ್ಲ. ಗಟ್ಟಿ ಬೂಟು, ನೀರಿನ ಬಾಟಲಿ, ನಾಲ್ಕು ರೊಟ್ಟಿ ಸಾಕು. ಆದರೆ ಹೊತ್ತು ಬೇಕು, ಅದನ್ನು ನಾವೇ ಮಾಡಿಕೊಳ್ಳಬೇಕು. ಮನೆಯಲ್ಲಿ ವಯಸ್ಸಾದ ಅವ್ವ ಅಪ್ಪ ಇದ್ದರೆ ಬೆಟ್ಟದ ಬದಲು ಕೆರೆ ಏರಿ ಆರಿಸಿ, ಅವರ ಕೈ ಹಿಡಿದು ಹತ್ತು ಹೆಜ್ಜೆ ನಡೆಸಿ. ಸಣ್ಣ ಮಕ್ಕಳಿದ್ದರೆ ಎಳ್ಳ ಅಮಾವಾಸ್ಯೆಯಿಂದ ಶುರು ಮಾಡಿ. ಗಂಡ ಹೆಂಡತಿ ಇಬ್ಬರಿಗೂ ನೌಕರಿ ಇದ್ದರೆ ವಾರಕ್ಕೊಂದು ನಸುಕನ್ನು ಬೇರೆ ಯಾರಿಗೂ ಕೊಡದೆ ಇಟ್ಟುಕೊಳ್ಳಿ. ಯಾದಗಿರಿ, ಶಹಾಪುರ, ಸುರಪುರದಲ್ಲಿ ಏನೂ ಇಲ್ಲ ಎನ್ನುವ ಮಾತನ್ನು ನಮ್ಮ ಮಕ್ಕಳ ಬಾಯಿಂದ ತೆಗೆಸಬೇಕಾದವರು ನಾವೇ. ಅದಕ್ಕೆ ಉಪದೇಶ ಸಾಲದು. ಅವರ ಅಪ್ಪ ಅವ್ವ, ಅವರ ಗೆಳೆಯರು ಈ ಬೆಟ್ಟ ಹೊಲಗಳಲ್ಲಿ ಒಬ್ಬರನ್ನೊಬ್ಬರು ಪ್ರೀತಿಸಿ ನಡೆದದ್ದನ್ನು ಅವರು ಕಣ್ಣಾರೆ ನೋಡಬೇಕು. ಬರುವ ಭಾನುವಾರವೇ ಯಾರನ್ನಾದರೂ ಕರೆದುಕೊಂಡು ಹೊರಡಿ.